ಸೊನ್ನೆ ಮಿಲಿಮೀಟರ್ ಮಳೆಯಲ್ಲಿ ಬೆಟ್ಟದ ಹೂವು

ನಮ್ಮ ಊರಲ್ಲಿ ಬೆಂಕಿಕಡ್ಡಿ ಗೀರುವ ಮುಂಚೆ ಅದನ್ನು ಸ್ವಲ್ಪ ಹೊತ್ತು ಕಂಕುಳಲ್ಲಿ ಇಟ್ಟುಕೊಂಡು ಸಮಾಧಾನ ಮಾಡಬೇಕು. ಉಪ್ಪಿನ ಡಬ್ಬಿಯಲ್ಲಿ ಉಪ್ಪು ಇರುವುದಿಲ್ಲ, ಉಪ್ಪುನೀರು ಇರುತ್ತದೆ. ಅದನ್ನೇ ಚಮಚದಲ್ಲಿ ಎತ್ತಿ ಅಡುಗೆಗೆ ಬಿಡುವುದು. ಚಳಿಯೆಂದರೆ ಹಲ್ಲು ಕಟಕಟಿಸುವ ಚಳಿಯಲ್ಲ, ಸೆಕೆಯೆಂದರೆ ಬೆವರು ಇಳಿಯುವ ಸೆಕೆಯೂ ಅಲ್ಲ. ವರ್ಷದ ಹೆಚ್ಚು ಭಾಗ ಹಿಂಡದ ಬಟ್ಟೆಯನ್ನು ಹೊದ್ದುಕೊಂಡ ಹಾಗೆ ಊರು ಅರೆನಿದ್ದೆಯಲ್ಲಿ ಮಲಗಿರುತ್ತದೆ. ಇಂಥ ಊರಲ್ಲಿ ಮಳೆ ಎಷ್ಟು ಬಿತ್ತು ಎಂದು ಅಳೆಯಲು ಸರ್ಕಾರ ಒಬ್ಬರನ್ನು ಇಟ್ಟಿತ್ತು. ಅವರು ನನ್ನ ಭಾವ.

ನಾನು ಗಾಜು ಕತ್ತರಿಸುವವನು. ಮೂರನೇ ಕ್ಲಾಸಿನಿಂದ ಎದ್ದು ಬಂದು ಗಾಜಿನ ಅಂಗಡಿಯಲ್ಲಿ ಕೂತವನು ಇನ್ನೂ ಎದ್ದಿಲ್ಲ. ಓದು ಕಡಿಮೆಯಾದ್ದರಿಂದ ತಲೆಯಲ್ಲಿ ನೆನಪಿಗೆ ಜಾಗ ಧಾರಾಳವಾಗಿ ಉಳಿದಿದೆ. ಆ ವರ್ಷ ನಮ್ಮ ಊರಿಗೆ ಬರಗಾಲ ಹೇಗೆ ಬಂತು, ಯಾರ ಕೈಯಿಂದ ಬಂತು ಎಂಬುದನ್ನು ಇದ್ದದ್ದು ಇದ್ದ ಹಾಗೆ ಹೇಳುತ್ತೇನೆ. ಮುಕ್ಕಾಲು ಪಾಲು ತಪ್ಪು ನನ್ನದು.

ಭಾವನ ಮನೆ ಇಲಾಖೆಯದು. ಎರಡು ಕೋಣೆ, ಮುಂದೆ ಅಂಗಳ, ಅಂಗಳದ ನಡುವೆ ತಂತಿಬೇಲಿ, ಬೇಲಿಯೊಳಗೆ ನೆಲದಿಂದ ಒಂದಡಿ ಮೇಲೆ ಆಕಾಶಕ್ಕೆ ಬಾಯಿ ತೆರೆದುಕೊಂಡು ಕೂತ ಮಳೆ ಡಬ್ಬಿ. ದಿನಾ ಬೆಳಿಗ್ಗೆ ಎಂಟೂವರೆಗೆ ಭಾವ ಕೊಡೆ ಹಿಡಿದು ಬೇಲಿಯೊಳಗೆ ಹೋಗುತ್ತಿದ್ದರು. ಡಬ್ಬಿಯ ನೀರನ್ನು ಗೆರೆಗಳಿದ್ದ ಗಾಜಿನ ಪಾತ್ರೆಗೆ ಸುರಿದು, ಒಂದು ಕಣ್ಣು ಮುಚ್ಚಿ ನೋಡಿ, ಕಚೇರಿಗೆ ಫೋನು ಮಾಡುತ್ತಿದ್ದರು. ಇಪ್ಪತ್ತಾರು ವರ್ಷ ಇದೇ ಕೆಲಸ. ಊರಿನವರು ಅವರಿಗೆ ಮಿಲಿಮೀಟರ್ ಎಂದು ಹೆಸರಿಟ್ಟಿದ್ದರು. ಹೆಸರು ಸುಮ್ಮನೆ ಬಂದದ್ದಲ್ಲ. ಕಾಫಿಗೆ ಹಾಲು ಎಷ್ಟು ಹಾಕಲಿ ಎಂದರೆ ನಾಲ್ಕು ಮಿಲಿಮೀಟರ್ ಎನ್ನುತ್ತಿದ್ದರು. ಒಮ್ಮೆ ಅಕ್ಕ ಏನೋ ನೊಂದುಕೊಂಡು ಅಡುಗೆಮನೆಯಲ್ಲಿ ಅಳುತ್ತಿದ್ದಾಗ ಬಾಗಿಲಲ್ಲಿ ನಿಂತು ನೋಡಿ ಬಂದು, “ಗಾಬರಿ ಬೇಡ, ತುಂತುರು ಅಷ್ಟೇ” ಎಂದು ನನಗೆ ವರದಿ ಕೊಟ್ಟಿದ್ದರು.

ಎಲ್ಲ ಶುರುವಾದದ್ದು ಮಂಡಿ ಡಾಕ್ಟರ ಕೋಣೆಯಲ್ಲಿ. ಅಕ್ಕನನ್ನು ಕರೆದುಕೊಂಡು ನಾವಿಬ್ಬರೂ ಹೋಗಿದ್ದೆವು.

“ಮಂಡಿ ಸವೆದುಹೋಗಿದೆ ಅಮ್ಮ,” ಎಂದರು ಡಾಕ್ಟರು. “ಮೆಟ್ಟಿಲು ಹತ್ತಬೇಡಿ. ಕುಕ್ಕರುಗಾಲಲ್ಲಿ ಕೂರಲೇಬೇಡಿ.”

ಅಕ್ಕನ ಕಿವಿ ಅಲ್ಲಿರಲಿಲ್ಲ. ಅವಳು ಡಾಕ್ಟರ ತಲೆಯ ಹಿಂದಿನ ಗೋಡೆಯಲ್ಲಿ ತೂಗಿದ್ದ ಒಂದು ಪಟವನ್ನು ನೋಡುತ್ತಿದ್ದಳು. ಬೋಳು ಬಂಡೆ, ಬಂಡೆಯ ಸೀಳಿನಲ್ಲಿ ಮುಷ್ಟಿಯಷ್ಟು ದೊಡ್ಡ ಹಸಿರು ದಿಂಬು, ಆ ದಿಂಬಿನ ಮೇಲೆ ಎಳೆ ನೀಲಿಯ ಪುಟ್ಟ ಪುಟ್ಟ ಹೂವು. ಹಿಂದೆ ಏನೂ ಇಲ್ಲ, ಬರೀ ಬೆಳಕು.

“ಡಾಕ್ಟ್ರೇ, ಆ ಹೂವು ಎಲ್ಲಿ ಬಿಡುತ್ತೆ?”

ಡಾಕ್ಟರು ತಮ್ಮದೇ ಗೋಡೆಯನ್ನು ಮೊದಲ ಸಲ ನೋಡುವವರ ಹಾಗೆ ತಿರುಗಿದರು. “ಅದಾ? ಹಿಮ ಬೀಳೋ ಬೆಟ್ಟದ ತುದೀಲಿ. ಮರಗಿಡ ಕೂಡ ಸುಸ್ತಾಗಿ ಕೆಳಗೇ ನಿಂತುಬಿಡ್ತವೆ, ಅಷ್ಟು ಎತ್ತರ. ನೀವು ಮೊದ್ಲು ಬಸ್ಸಿನ ಮೆಟ್ಟಿಲು ಹತ್ತೋದು ನೋಡಿ ಅಮ್ಮ.”

ಅಕ್ಕನ ಮುಖ ಸಣ್ಣದಾಯಿತು. ಭಾವ ಎದ್ದು ನಿಂತರು. “ಅವಳು ಅಲ್ಲಿಗೆ ಹೋಗೋದು ಬೇಡ ಡಾಕ್ಟ್ರೇ. ಅದೇ ಇಲ್ಲಿಗೆ ಬರುತ್ತೆ,” ಎಂದುಬಿಟ್ಟರು.

ಭಾವನ ಬಾಯಿಂದ ಅಳತೆ ಮಾಡದ ಮಾತು ಹೊರಬಂದದ್ದು ನಾನು ಕಂಡಂತೆ ಅದೇ ಮೊದಲು.

ಬೀಜ ಅಂಚೆಯಲ್ಲಿ ಬಂತು. ಹತ್ತೊಂಬತ್ತು ಬೀಜ, ಸೀನಿದರೆ ಒಂದೂ ಉಳಿಯುತ್ತಿರಲಿಲ್ಲ. ಜೊತೆಗೆ ನಾಲ್ಕು ಮಡಿಕೆಯ ಒಂದು ಕಾಗದ. ಎದುರು ಮನೆಯ ರಿಟೈರಾದ ಡ್ರಿಲ್ ಮೇಷ್ಟ್ರು ಅದನ್ನು ಓದಿ ಅರ್ಥ ಹೇಳಿದರು: ಬೀಜಕ್ಕೆ ಚಳಿಗಾಲ ಕಳೆಯಿತು ಎಂಬ ನಂಬಿಕೆ ಬರದೆ ಮೊಳೆಯುವುದಿಲ್ಲ, ಎಂಟು ವಾರ ತಣ್ಣಗೆ ಇಡಬೇಕು. ಆ ಬೀದಿಯಲ್ಲಿ ಫ್ರಿಜ್ಜು ಇದ್ದದ್ದು ಮೇಷ್ಟ್ರ ಮನೆಯಲ್ಲಿ ಮಾತ್ರ. ಒದ್ದೆ ಮರಳಿನಲ್ಲಿ ಬೀಜ ಕಲಸಿ, ಡಬ್ಬಿಗೆ ತುಂಬಿ, ಹಾಲಿನ ಪಾತ್ರೆಯ ಪಕ್ಕ ಇಟ್ಟರು.

“ಮೇಷ್ಟ್ರೇ, ಅವು ನಿದ್ದೇಲಿರ್ತವೆ. ಬಾಗಿಲು ಧಡ್ ಅಂತ ಹಾಕ್ಬೇಡಿ,” ಎಂದರು ಭಾವ.

ಮೂವತ್ತು ವರ್ಷ ಮೈದಾನದಲ್ಲಿ ನಿಂತು ನಾನೂರು ಹುಡುಗರಿಗೆ ಒಂದೇ ಉಸಿರಿನಲ್ಲಿ ಕೂಗಿದ್ದ ಮೇಷ್ಟ್ರು ಆ ಎಂಟು ವಾರ ತಮ್ಮ ಅಡುಗೆಮನೆಯಲ್ಲಿ ಪಿಸುಗುಟ್ಟಿದರು. ಅವರ ಹೆಂಡತಿ ಹಾಲು ತೆಗೆಯುವಾಗ ತುದಿಗಾಲಲ್ಲಿ ನಡೆಯುತ್ತಿದ್ದರು. “ನಮ್ಮನೇಲಿ ಬಾಣಂತಿ ಇದ್ದಾಗಲೂ ಇಷ್ಟು ಸದ್ದಡಗಿರಲಿಲ್ಲ ಕಣ್ರೀ,” ಎಂದು ಅಕ್ಕನ ಹತ್ತಿರ ಹೇಳಿದರಂತೆ.

ಹತ್ತೊಂಬತ್ತರಲ್ಲಿ ಐದು ಮೊಳೆತವು. ಐದರಲ್ಲಿ ಒಂದು ಉಳಿಯಿತು.

ಈ ಗಿಡದ ಸ್ವಭಾವವೇ ತಿರುಗುಮುರುಗು. ಗೊಬ್ಬರ ಹಾಕಿದರೆ ಮುನಿಸು. ಮಣ್ಣು ಕಂಡರೆ ಆಗದು. ಜಲ್ಲಿ ಬೇಕು, ಕಲ್ಲು ಬೇಕು, ಕಲ್ಲಿನ ಸಂದಿಯಲ್ಲಿ ಬೇರನ್ನು ಮೊಳದುದ್ದ ಇಳಿಬಿಡಬೇಕು. ನೆರಳು ಬೇಡ, ತಲೆಯ ಮೇಲೆ ಪೂರ್ತಿ ಆಕಾಶ ಬೇಕು. ಭಾವನ ಅಂಗಳದಲ್ಲಿ ಮರಗಳ ನೆರಳಿಲ್ಲದೆ ಪೂರ್ತಿ ಆಕಾಶ ಸಿಗುವ ಜಾಗ ಒಂದೇ, ಮಳೆ ಡಬ್ಬಿಯ ಬೇಲಿಯ ಒಳಗೆ. ಅಲ್ಲಿ ಡಬ್ಬಿಗೆ ಒಂದು ಮಾರು ದೂರದಲ್ಲಿ ಜಲ್ಲಿ ಸುರಿದು, ಚಪ್ಪಡಿಕಲ್ಲುಗಳನ್ನು ಪುಸ್ತಕ ಜೋಡಿಸಿದ ಹಾಗೆ ನಿಲ್ಲಿಸಿ, ಸಂದಿಯಲ್ಲಿ ಆ ಒಂದು ಗಿಡವನ್ನು ಕೂರಿಸಿದರು.

“ಎಲ್ಲರೂ ತೋಟದಿಂದ ಕಲ್ಲು ಹೆಕ್ಕಿ ಆಚೆ ಹಾಕಿದ್ರೆ ನಮ್ಮ ಮಿಲಿಮೀಟರ್ ಕಲ್ಲು ನೆಡ್ತಾ ಇದಾರಲ್ಲಪ್ಪ,” ಎಂದ ನೀರು ಬಿಡುವವನು. ದಿನಾ ಬೆಳಿಗ್ಗೆ ಬೀದಿಯ ನಲ್ಲಿಗಳಿಗೆ ನೀರು ತಿರುಗಿಸಲು ಉದ್ದದ ಕಬ್ಬಿಣದ ಕೀಲಿ ಹೆಗಲ ಮೇಲಿಟ್ಟುಕೊಂಡು ಬರುತ್ತಿದ್ದವನು ಅವನು. “ಯಾವಾಗ ಕೊಯ್ಲು ಸ್ವಾಮಿ? ನಂಗೂ ಒಂದೆರಡು ಕೊಡಿ, ಬಟ್ಟೆ ಒಗೆಯೋಕೆ ಬೇಕು.”

ಭಾವ ನಕ್ಕು ಇನ್ನೊಂದು ಕಲ್ಲು ನಿಲ್ಲಿಸಿದರು. ಎರಡು ವರ್ಷ ಗಿಡ ಬೆಳೆಯಿತೆಂದರೆ ಹೇಗೆ ಬೆಳೆಯಿತು? ಮೊದಲ ವರ್ಷ ಕಡಲೆಕಾಳಿನಷ್ಟು. ಎರಡನೇ ವರ್ಷ ನೆಲ್ಲಿಕಾಯಿಯಷ್ಟು. ಅಕ್ಕ ಜಗಲಿಯಲ್ಲಿ ಬೆತ್ತದ ಕುರ್ಚಿ ಹಾಕಿಕೊಂಡು ಅದು ಬೆಳೆಯುವುದನ್ನೇ ನೋಡುತ್ತಾ ಕೂರುತ್ತಿದ್ದಳು. ಅವಳಿಗೆ ಅವಸರವೇನೂ ಇರಲಿಲ್ಲ. ಅವಸರವಿದ್ದದ್ದು ಕ್ಯಾಲೆಂಡರಿಗೆ. ಮೂರನೇ ವರ್ಷದ ಮಳೆಗಾಲ ಮುಗಿಯುವ ಮುಂಚೆ, ಒಂದು ತಿಂಗಳ ಕೊನೆಯ ದಿನ, ವಯಸ್ಸು ತುಂಬಿ ಭಾವನ ಕೆಲಸ ಮುಗಿಯುತ್ತಿತ್ತು. ಆ ದಿನ ಮನೆ ಬಿಟ್ಟು ಬೀಗದ ಕೈ ಒಪ್ಪಿಸಬೇಕು. ನನ್ನ ಅಂಗಡಿಯ ಹಿಂದೆ ಎರಡು ಕೋಣೆ ಖಾಲಿ ಮಾಡಿಸಿದ್ದೆ, ಅಲ್ಲಿ ಅಂಗಳವಿಲ್ಲ. ಗಿಡವನ್ನು ಕಿತ್ತೊಯ್ದರೆ ಬೇರು ಹರಿದು ಸಾಯುತ್ತದೆ. ಒಟ್ಟಿನಲ್ಲಿ ಆ ತಾರೀಕಿನ ಒಳಗೆ ಹೂವು ಬಿಟ್ಟರೆ ಅಕ್ಕ ನೋಡುತ್ತಾಳೆ, ಇಲ್ಲವಾದರೆ ಇಲ್ಲ.

ಮೂರನೇ ಮಳೆಗಾಲದ ಮೊದಲ ವಾರ ಗಿಡದ ಒಂದು ಮೂಲೆ ಕಪ್ಪಾಯಿತು. ಭಾವ ಕಾಗದ ಹಿಡಿದು ಮೇಷ್ಟ್ರ ಮನೆಗೆ ಓಡಿದರು. ಮೇಷ್ಟ್ರು ಮೂರನೇ ಮಡಿಕೆ ಬಿಚ್ಚಿ ಓದಿದರು.

“ಚಳಿಗೆ ಇದು ಸಾಯಲ್ಲ ಮಾರಾಯ್ರೆ. ಒದ್ದೆಗೆ ಸಾಯುತ್ತೆ. ಅಲ್ಲಿ ಆರು ತಿಂಗಳು ಹಿಮದ ರಜಾಯಿ ಹೊದ್ಕೊಂಡು ಒಣಗಿದ ಹಾಗೇ ಮಲಗಿರುತ್ತಂತೆ. ಇಲ್ಲಿ ನಾವು ದಿನಾ ಮುಖಕ್ಕೆ ನೀರು ಹೊಡೀತಾ ಇದೀವಿ. ಮೇಲೆ ಗಾಜಿನ ಮಾಡು ಕಟ್ಟಿ ಅಂತಿದೆ.”

ಗಾಜು ಎಂಬ ಮಾತು ಬಂದ ಮೇಲೆ ನನ್ನನ್ನು ಕರೆಯದೆ ಇರುತ್ತಾರೆಯೇ?

“ಎತ್ತರ ಎಷ್ಟಿರಲಿ ಭಾವ?”

“ನಿಮ್ಮಕ್ಕ ಕುರ್ಚಿ ಹಾಕ್ಕೊಂಡು ಪಕ್ಕದಲ್ಲೇ ಕೂರಬೇಕು. ನಾನು ನಿಂತ್ರೆ ತಲೆ ತಾಗಬಾರ್ದು.”

ಗಿಡ ಗೇಣೆತ್ತರವೂ ಇರಲಿಲ್ಲ. ಮಾಡಿನ ಎತ್ತರ ಅಕ್ಕನಿಗೋಸ್ಕರ. ನಾಲ್ಕು ಮರದ ಕಂಬ ನಿಲ್ಲಿಸಿ, ಚೌಕಟ್ಟು ಕಟ್ಟಿ, ಗಾಜು ಹೊದಿಸಿದೆ. ಈಗ ನನ್ನ ತಪ್ಪು ಹೇಳುತ್ತೇನೆ. ನನ್ನ ಅಂಗಡಿಯಲ್ಲಿ ಹನ್ನೊಂದು ವರ್ಷದಿಂದ ಒಂದು ಉದ್ದದ ಗಾಜು ಇತ್ತು. ಒಂದು ಗುಳ್ಳೆಯಿಲ್ಲ, ಒಂದು ಗೆರೆಯಿಲ್ಲ. ಒರೆಸಿ ನಿಲ್ಲಿಸಿದರೆ ನೊಣಗಳು ಬಂದು ಹಣೆ ಚಚ್ಚಿಕೊಳ್ಳುತ್ತಿದ್ದವು. ಭಾವನ ಚೌಕಟ್ಟಿಗೆ ಅದು ನಾಲ್ಕಡಿ ಉದ್ದ ಹೆಚ್ಚಾಯಿತು. ಕತ್ತರಿಸಲು ವಜ್ರದ ಮೊನೆ ಎತ್ತಿದೆ, ಇಳಿಸಿದೆ, ಮತ್ತೆ ಎತ್ತಿದೆ. ಕೈ ಬರಲಿಲ್ಲ. ಚೌಕಟ್ಟು ಮುಗಿದ ಮೇಲೂ ಗಾಜು ಹಾಗೇ ಮುಂದೆ ಚಾಚಿಕೊಂಡು ನಿಂತಿತು. ಅಷ್ಟು ತಿಳಿಯಾದ ಗಾಜು, ಆಚೆ ತುದಿ ಎಲ್ಲಿದೆ ಎಂದು ಹಾಕಿದ ನನಗೇ ಕಾಣಿಸುತ್ತಿರಲಿಲ್ಲ. ಅದು ಮಳೆ ಡಬ್ಬಿಯ ನೆತ್ತಿಯ ಮೇಲೆ ಇತ್ತು.

ಅಲ್ಲಿಂದ ಮುಂದೆ ಒಂದೂವರೆ ತಿಂಗಳು ನಮ್ಮ ಬೀದಿಗೆ ಒಂದು ಬಗೆಯ ಮಂಪರು ಹಿಡಿಯಿತು. ಸುತ್ತ ಮಳೆ ಗೋಡೆ ಕಟ್ಟಿದ ಹಾಗೆ ಸುರಿಯುವುದು. ನಡುವೆ ಹಾಸಿಗೆಯಷ್ಟು ಅಗಲದ ಒಣ ಜಾಗ, ಅಕ್ಕನ ಕುರ್ಚಿ, ಬೆಚ್ಚಗಿನ ಜಲ್ಲಿಯ ವಾಸನೆ, ಹಸಿರು ದಿಂಬು. ಮೇಲೆ ಹನಿಗಳು ಬಂದು, ಗಾಳಿಯಲ್ಲೇ ನಿಂತು, ಯೋಚಿಸಿ, ಪಕ್ಕಕ್ಕೆ ಜಾರಿ ಹೋಗುವವು. ಮೇಷ್ಟ್ರು ಒಂದು ಮಣೆ ತಂದು ಹಾಕಿಕೊಂಡರು. ಮೇಷ್ಟ್ರ ಹೆಂಡತಿ ಹೆಣಿಗೆ ತಂದರು. ನೀರು ಬಿಡುವವನು ಕೀಲಿಯನ್ನು ಕಂಬಕ್ಕೆ ಒರಗಿಸಿ, “ಐದೇ ನಿಮಿಷ” ಎಂದು ಕೂತು ಮಧ್ಯಾಹ್ನ ಏಳುತ್ತಿದ್ದ. ಯಾರೂ ಜೋರಾಗಿ ಮಾತಾಡುತ್ತಿರಲಿಲ್ಲ.

“ಮೇಲೆ ಹೇಗಿರುತ್ತೋ,” ಎನ್ನುತ್ತಿದ್ದಳು ಅಕ್ಕ.

“ಗಾಳಿ ಇರುತ್ತೆ,” ಎನ್ನುತ್ತಿದ್ದರು ಮೇಷ್ಟ್ರು, ಕಣ್ಣು ಮುಚ್ಚಿಕೊಂಡು.

“ಉಪ್ಪು ಉದುರುದುರಾಗಿ ಇರುತ್ತೆ,” ಎನ್ನುತ್ತಿದ್ದರು ಅವರ ಹೆಂಡತಿ.

“ನಲ್ಲಿ ಇರಲ್ಲ,” ಎನ್ನುತ್ತಿದ್ದ ನೀರು ಬಿಡುವವನು, ಬಹಳ ಸುಖದಿಂದ.

ಭಾವ ಮಾತ್ರ ದಿನಾ ಎಂಟೂವರೆಗೆ ಡಬ್ಬಿ ತೆಗೆಯುತ್ತಿದ್ದರು. ಮೊದಲ ದಿನ ಮೂರು ಮಿಲಿಮೀಟರ್. ಮಾರನೇ ದಿನ ಒಂದು. ಆಮೇಲೆ ಸೊನ್ನೆ. ಅವರು ಡಬ್ಬಿ ತೂತಾಗಿದೆಯೇ ಎಂದು ನೋಡಿದರು, ಇರಲಿಲ್ಲ. ಕಸ ಸಿಕ್ಕಿದೆಯೇ ಎಂದು ಊದಿದರು, ಸಿಕ್ಕಿರಲಿಲ್ಲ. ನಿಯಮದ ಪುಸ್ತಕ ತೆಗೆದರು. ‘ಡಬ್ಬಿಯಲ್ಲಿ ಇದ್ದದ್ದನ್ನು ಬರೆಯತಕ್ಕದ್ದು, ತನ್ನ ಅಭಿಪ್ರಾಯವನ್ನಲ್ಲ’ ಎಂದಿತ್ತು. ಭಾವನಿಗೆ ಆಕಾಶಕ್ಕಿಂತ ಡಬ್ಬಿಯ ಮೇಲೆ ನಂಬಿಕೆ ಹೆಚ್ಚು. ಹೋಗುವಾಗ ಬರುವಾಗ ತೊಯ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿರಲು ಅವರು ಫೋನು ಎತ್ತಿ, “ಸೊನ್ನೆ” ಎನ್ನುತ್ತಿದ್ದರು.

“ಏನ್ ಸಾರ್, ಫೋನಲ್ಲಿ ಮಳೆ ಸದ್ದು ಕೇಳ್ತಾ ಇದೆಯಲ್ಲ?” ಎಂದನಂತೆ ಕಚೇರಿಯ ಗುಮಾಸ್ತ.

“ಸದ್ದು ಅಳೆಯೋದು ನನ್ನ ಕೆಲ್ಸ ಅಲ್ಲ ಕಣಯ್ಯ. ಬರ್ಕೋ, ಸೊನ್ನೆ.”

ನಮ್ಮ ಊರಿಗೆಲ್ಲ ಡಬ್ಬಿ ಅದೊಂದೇ. ಮೂರು ವಾರ ಸೊನ್ನೆ ಬಂದ ಮೇಲೆ ಮೇಲಿನವರು ಸುಮ್ಮನಿರುತ್ತಾರೆಯೇ? ಊರು ಬರಪೀಡಿತವೆಂದು ಪತ್ರಿಕೆಯಲ್ಲಿ ಬಂತು. ಆ ಪತ್ರಿಕೆ ನಮ್ಮ ಮನೆಗೆ ಬರುವಾಗ ಮುದ್ದೆಯಾಗಿತ್ತು, ಒಲೆಯ ಮೇಲೆ ಒಣಗಿಸಿ ಓದಿದೆವು. ನೀರು ಬಿಡುವವನಿಗೆ ಆಜ್ಞೆ ಬಂತು: ಮೂರು ದಿನಕ್ಕೊಮ್ಮೆ ಮಾತ್ರ ನೀರು.

“ಅಲ್ವೋ, ಟ್ಯಾಂಕು ತುಂಬಿ ಮೇಲಿಂದ ಚೆಲ್ತಾ ಇದೆ!” ಎಂದು ಮೇಷ್ಟ್ರು ಬೈದರು.

“ಚೆಲ್ಲಲಿ ಸ್ವಾಮಿ. ಚೆಲ್ಲೋಕೆ ಆರ್ಡರ್ ಬೇಕಾಗಿಲ್ಲ, ಬಿಡೋಕೆ ಬೇಕು.”

ಆಮೇಲೆ ನೀರಿನ ಟ್ಯಾಂಕರ್ ಬಂತು. ಬೀದಿಯ ತಿರುವಿನ ಕೆಸರಿನಲ್ಲಿ ಮುಕ್ಕಾಲು ಗಾಲಿ ಹೂತು ನಿಂತಿತು. ಕೊಡ ಹಿಡಿದು, ಕೊಡೆ ಹಿಡಿದು ಎಲ್ಲರೂ ಸಾಲಾಗಿ ನಿಂತರು. ಸಾಲು ಮುಂದೆ ಹೋದದ್ದು ನಿಧಾನ. ಮೇಷ್ಟ್ರ ಸರದಿ ಬರುವ ಹೊತ್ತಿಗೆ ಅವರ ಕೊಡ ಮಳೆಯಿಂದಲೇ ತುಂಬಿ ಚೆಲ್ಲುತ್ತಿತ್ತು.

“ತುಂಬಿದೆಯಲ್ಲ ಯಜಮಾನ್ರೆ?” ಎಂದ ಟ್ಯಾಂಕರಿನವನು.

“ಇದು ಲೆಕ್ಕಕ್ಕಿಲ್ಲದ ನೀರು,” ಎಂದು ಮೇಷ್ಟ್ರು ಅದನ್ನು ಚರಂಡಿಗೆ ಸುರಿದು, ಸರ್ಕಾರದ ನೀರು ಹಿಡಿದುಕೊಂಡು ಬಂದರು. ಶಿಸ್ತಿನ ಮನುಷ್ಯ.

ಬೇರೆ ಊರಿನಿಂದ ಭಾವನ ಅಣ್ಣ ಫೋನು ಮಾಡಿ, “ಮುಖ ತೊಳೆಯೋಕಾದ್ರೂ ಇದೆಯೇನೋ?” ಎಂದು ಕೇಳಿದರು. ಭಾವ ಹೂಂ ಎಂದರು. ಅವರ ಮನಸ್ಸು ಅಲ್ಲಿರಲೇ ಇಲ್ಲ. ಅದೇ ಬೆಳಿಗ್ಗೆ ದಿಂಬಿನ ನಡುವೆ ಒಂದು ಮೊಗ್ಗು ಕಂಡಿತ್ತು. ಅಕ್ಕಿಕಾಳಿನಷ್ಟು. ಅಕ್ಕ ಅದನ್ನು ನೋಡಿದವಳು ಇಡೀ ದಿನ ಊಟಕ್ಕೂ ಒಳಗೆ ಬಂದಿರಲಿಲ್ಲ. ತಿಂಗಳು ಮುಗಿಯಲು ಒಂಬತ್ತು ದಿನ ಉಳಿದಿತ್ತು.

ಐದು ದಿನ ಕಳೆಯಿತು. ಆಗ ಬಂದರು ಕಚೇರಿಯ ಸಾಹೇಬರು, ಬರಗಾಲ ಪರಿಶೀಲನೆಗೆ.

ಆ ದಿನ ಬಿದ್ದ ಮಳೆಯನ್ನು ನಾನು ಅದಕ್ಕೆ ಮುಂಚೆಯೂ ನೋಡಿಲ್ಲ, ಆಮೇಲೂ ನೋಡಿಲ್ಲ. ಸಾಹೇಬರ ಜೀಪು ದೋಣಿಯ ಹಾಗೆ ಬಂದು ನಿಂತಿತು. ಹಿಂದೆ ಗುಮಾಸ್ತ, ಎದೆಗೆ ಫೈಲು ಅವುಚಿಕೊಂಡು. ಸಾಹೇಬರು ಕೊಡೆಯನ್ನು ಮುಖಕ್ಕೆ ಅಡ್ಡ ಹಿಡಿದು, ತಲೆ ತಗ್ಗಿಸಿ, ಓಡುತ್ತಾ ಬೇಲಿಯೊಳಗೆ ಬಂದರು. ಇದ್ದಕ್ಕಿದ್ದಂತೆ ಕೊಡೆಯ ಮೇಲಿನ ಸದ್ದು ನಿಂತುಹೋಯಿತು. ಅವರು ಕೊಡೆ ಮಡಿಚಿದರು. ಕನ್ನಡಕಕ್ಕೆ ಮಂಜು ಹಿಡಿದಿತ್ತು. ತೆಗೆದು, ಶರ್ಟಿನ ತುದಿಯಿಂದ ಒರೆಸುತ್ತಾ, ಕಾಣದ ಕಣ್ಣಿನಿಂದಲೇ ವಿಚಾರಣೆ ಶುರುಮಾಡಿದರು.

“ಏನ್ರೀ, ಕಾಲ ಕೆಳಗೆ ಒಣಗಿ ಗರಗರ ಅಂತಿದೆಯಲ್ಲ?”

“ಜಲ್ಲಿ ಸಾರ್,” ಎಂದರು ಭಾವ.

“ಮಣ್ಣೇ ಉಳಿದಿಲ್ಲ, ಬರ್ಕೊಳ್ರಿ,” ಎಂದರು ಸಾಹೇಬರು ಗುಮಾಸ್ತನಿಗೆ. ಆಮೇಲೆ ಕುರ್ಚಿಯ ಕಡೆ ತಿರುಗಿದರು. “ನೀವ್ಯಾರಮ್ಮ? ಎಷ್ಟು ದಿನದಿಂದ ಮಳೆ ಇಲ್ಲ ಇಲ್ಲಿ?”

ಅಕ್ಕ ಸುಳ್ಳು ಹೇಳುವವಳಲ್ಲ. “ಇಲ್ಲಿ ಒಂದೂವರೆ ತಿಂಗಳಾಯ್ತು ಸಾಹೇಬ್ರೆ, ಒಂದ್ ಹನಿ ಬಿದ್ದಿಲ್ಲ.”

“ಅಯ್ಯೋ. ಬೆಳೆ?”

“ಒಂದೇ ಉಳಿದಿರೋದು. ಹತ್ತೊಂಬತ್ತು ಹಾಕಿದ್ವಿ.”

“ಹತ್ತೊಂಬತ್ತು ಎಕರೆ ಹೋಯ್ತಾ!” ಸಾಹೇಬರ ದನಿ ಒದ್ದೆಯಾಯಿತು. “ಈಗ ಏನ್ ಮಾಡ್ತೀರಮ್ಮ?”

“ಏನ್ ಮಾಡೋದು, ಬೆಳಗಿಂದ ಸಂಜೇವರೆಗೂ ಇಲ್ಲೇ ಕೂತು ನೋಡ್ತಾ ಇರ್ತೀನಿ. ಇನ್ನು ನಾಲ್ಕು ದಿನಕ್ಕೆ ಮನೆ ಬೇರೆ ಬಿಡಬೇಕು.”

ಗುಮಾಸ್ತ ಕಣ್ಣು ಒರೆಸಿಕೊಂಡು ಬರೆದುಕೊಂಡ. ಮೇಷ್ಟ್ರು ಏನೋ ಹೇಳಲು ಬಾಯಿ ತೆರೆದರು. ಅವರ ಹೆಂಡತಿ ಹೆಣಿಗೆಯ ಕಡ್ಡಿಯಿಂದ ತಿವಿದರು. ಅಷ್ಟು ಹೊತ್ತಿಗೆ ಸಾಹೇಬರು ಕನ್ನಡಕ ಹಾಕಿಕೊಂಡರು. ಹಾಕಿಕೊಂಡು ಮೇಲೆ ನೋಡಿದರು.

ಅವರ ತಲೆಯಿಂದ ಎರಡು ಗೇಣು ಮೇಲೆ ಸಾವಿರಾರು ಹನಿಗಳು ಗಾಳಿಯಲ್ಲಿ ನಿಂತಿದ್ದವು. ಹನಿಯೊಳಗೆ ಹನಿ ಸೇರಿ, ಹೊಳೆದು, ಹೊರಳಿ ಸರಿಯುತ್ತಿದ್ದವು. ಸಾಹೇಬರು ಬಹಳ ಹೊತ್ತು ಹಾಗೇ ನಿಂತರು. ಬಾಯಿ ಸ್ವಲ್ಪ ತೆರೆದಿತ್ತು. ಆಮೇಲೆ ಅವರ ಕಣ್ಣು ನಿಧಾನವಾಗಿ ಗಾಜಿನ ಮೇಲೆ ಜಾರುತ್ತಾ, ಚೌಕಟ್ಟು ದಾಟಿ, ಇನ್ನೂ ಮುಂದೆ ಹೋಗಿ, ನೇರ ಕೆಳಗಿದ್ದ ಡಬ್ಬಿಯ ಮೇಲೆ ಇಳಿಯಿತು.

“ಇದನ್ನ ಯಾರು ಹಾಕಿದ್ದು?”

“ನಾನು ಸಾರ್,” ಎಂದೆ. “ಒಳ್ಳೇ ಗಾಜು. ಕತ್ತರಿಸೋಕೆ ಮನಸ್ಸು ಬರ್ಲಿಲ್ಲ.”

ಭಾವ ಮೇಲೆ ನೋಡಿದರು. ಕೆಳಗೆ ನೋಡಿದರು. ಇಬ್ಬರ ನಡುವಿನ ಒಂದು ದೊಡ್ಡ ಜಗಳ ನೋಡಿದವರ ಹಾಗೆ ಆಕಾಶವನ್ನೂ ಡಬ್ಬಿಯನ್ನೂ ಮತ್ತೆ ಮತ್ತೆ ನೋಡಿದರು. ಹೋಗಿ ಡಬ್ಬಿಯ ಪಕ್ಕ ಕೂತುಬಿಟ್ಟರು. “ನಲವತ್ತಾರು ದಿನ,” ಎಂದರು. “ನಲವತ್ತಾರು ದಿನ ನಾನು ಆಕಾಶವನ್ನ ಸುಳ್ಳುಗಾರ ಅಂದೆನಲ್ಲೋ.” ಕೆಲಸ ಹೋಗುತ್ತದೆಂಬ ಹೆದರಿಕೆ ಆ ದನಿಯಲ್ಲಿ ಇರಲಿಲ್ಲ. ಯಾರೋ ಹಿರಿಯರನ್ನು ಗೊತ್ತಿಲ್ಲದೆ ಬೈದವರ ಸಂಕಟ ಇತ್ತು.

“ತೆಗೆಸಿ,” ಎಂದರು ಸಾಹೇಬರು. “ಈಗಲೇ ತೆಗೆಸಿ. ಬೇಲಿಯೊಳಗೆ ಡಬ್ಬಿಗಿಂತ ಎತ್ತರದ್ದು ಏನೂ ಇರಕೂಡದು, ಇಡೀ ಮಾಡೇ ಹೋಗ್ಬೇಕು. ವರದಿ ನಾನು ಹೇಗೋ ಬರ್ಕೋತೀನಿ.”

“ಸಾರ್, ಮೊಗ್ಗು ಬಂದಿದೆ,” ಎಂದರು ಮೇಷ್ಟ್ರು. “ಇವತ್ತು ನೆನೆದ್ರೆ ಕೊಳೆಯುತ್ತೆ. ಡಬ್ಬೀನೇ ಆ ಕಡೆ ಇಟ್ರಾಯ್ತಲ್ಲ?”

“ಡಬ್ಬಿ ಒಂದು ಬೆರಳು ಸರಿಸಬೇಕು ಅಂದ್ರೂ ರಾಜಧಾನಿಯಿಂದ ಪತ್ರ ಬರಬೇಕು ಮೇಷ್ಟ್ರೇ. ನಾನು ಕೆಲಸಕ್ಕೆ ಸೇರಿದಾಗ ಒಂದು ಊರಿನವರು ಕೇಳಿದ್ರು. ಇನ್ನೂ ಬಂದಿಲ್ಲ.”

ಅಕ್ಕ ಮೊಗ್ಗನ್ನು ನೋಡುತ್ತಿದ್ದಳು. ಭಾವ ಅಕ್ಕನನ್ನು ನೋಡಿದರು. ಆಮೇಲೆ ಎದ್ದು ನನ್ನ ಹೆಗಲ ಮೇಲೆ ಕೈಯಿಟ್ಟು, “ತೆಗಿಯಪ್ಪ,” ಎಂದರು.

ನಾನು ಏಣಿ ತರಲು ಹೋದವನು ಅರ್ಧ ದಾರಿಯಲ್ಲಿ ನಿಂತೆ. ನನ್ನಂಥವನಿಗೆ ಬುದ್ಧಿ ಬರುವುದು ತಡವಾಗಿ, ಬಂದರೆ ಗಾಜಿನ ಮೂಲಕವೇ. ತಿರುಗಿ ಬಂದು ಕೇಳಿದೆ. “ಸಾರ್, ಡಬ್ಬಿಯ ಬಾಯಿಗಿಂತ ತಗ್ಗಾಗಿ ಏನಾದ್ರೂ ಇದ್ರೆ?”

“ಅದಕ್ಕೆ ಅಡ್ಡಿಯಿಲ್ಲ.”

“ಗಿಡ ಗೇಣೂ ಇಲ್ಲ ಸಾರ್. ಎತ್ತರ ಬೇಕಾಗಿದ್ದು ಅಕ್ಕನಿಗೆ.”

ಮಾಡು ಬಿಚ್ಚಿ, ಅಂಗಳದಲ್ಲೇ ಗೋಣಿ ಹಾಸಿ, ಮೇಷ್ಟ್ರು ಕೊಡೆ ಹಿಡಿದಿರಲು, ಆ ಉದ್ದದ ಗಾಜನ್ನು ಕತ್ತರಿಸಿದೆ. ಸರ್ ಎಂದು ಗೆರೆ ಓಡಿತು, ಟಕ್ ಎಂದು ಬಿಟ್ಟಿತು. ಊಟದ ತಟ್ಟೆ ಇಡುವಷ್ಟು ಅಗಲದ ತುಂಡನ್ನು ನಾಲ್ಕು ಇಟ್ಟಿಗೆಯ ಮೇಲೆ ಓರೆಯಾಗಿ ಕೂರಿಸಿದೆ. ಗಿಡ ಒಣಗಿರುತ್ತದೆ. ಡಬ್ಬಿ ತುಂಬುತ್ತದೆ. ನಿಯಮಕ್ಕೂ ತೊಂದರೆಯಿಲ್ಲ. ಎಲ್ಲರಿಗೂ ನೆಮ್ಮದಿಯಾಯಿತು, ಒಬ್ಬಳನ್ನು ಬಿಟ್ಟು. ಜಗಲಿಗೆ ವಾಪಸಾದ ಕುರ್ಚಿಯಿಂದ ಅಕ್ಕನಿಗೆ ಕಾಣುತ್ತಿದ್ದದ್ದು ಮಳೆ ಕುಣಿಯುವ ಒಂದು ಗಾಜಿನ ತುಂಡು ಮಾತ್ರ. ಒಳಗೆ ನೋಡಬೇಕಾದರೆ ನೆಲಕ್ಕೆ ಬಗ್ಗಬೇಕು. ಅವಳ ಮಂಡಿ ಬಗ್ಗುವುದಿಲ್ಲ.

“ಬಿಡ್ರೀ,” ಎಂದಳು ಭಾವನಿಗೆ. “ಅಲ್ಲಿದೆ ಅಂತ ಗೊತ್ತಿದೆಯಲ್ಲ.”

ಆ ಮಾತು ಕೇಳಿ ಭಾವ ಒಳಗೆ ಹೋಗಿ ಪಾತ್ರೆ ಕಟ್ಟತೊಡಗಿದರು.

ತಿಂಗಳ ಕೊನೆಯ ದಿನ ಬಂತು. ಸಾಮಾನು ಗಾಡಿ ಬೀದಿಯಲ್ಲಿ ನಿಂತಿತ್ತು. ಸಣ್ಣ ಮಳೆ, ಗಾಳಿಯಿಲ್ಲ, ಹೊಗೆಯ ಹಾಗೆ ಇಳಿಯುತ್ತಿತ್ತು. ಬೀಗದ ಕೈ ಪಡೆಯಲು ಗುಮಾಸ್ತ ಒಬ್ಬನೇ ಬಂದರೆ ಸಾಕಿತ್ತು, ಸಾಹೇಬರೂ ಬಂದಿದ್ದರು.

“ನಾನು ಬಂದಿದ್ದು ಬೀಗದ ಕೈಗೆ. ಹೂವಿಗಲ್ಲ,” ಎಂದರು. ಅವರನ್ನು ಯಾರೂ ಏನೂ ಕೇಳಿರಲಿಲ್ಲ.

ಭಾವ ಆ ನಾಲ್ಕೂ ದಿನ ಮಾಡಿದ ಹಾಗೆ ಜಲ್ಲಿಯ ಮೇಲೆ ಹೊಟ್ಟೆ ಊರಿ ಮಲಗಿ ಗಾಜಿನ ಕೆಳಗೆ ತಲೆ ತಗ್ಗಿಸಿದರು. ಕಾಲು ಬೇಲಿಯ ಹೊರಗಿತ್ತು. ತುಂಬ ಹೊತ್ತು ಅಲುಗಾಡಲಿಲ್ಲ.

“ಬಿಟ್ಟಿದೆ,” ಎಂದಿತು ಗಾಜಿನ ಕೆಳಗಿನ ದನಿ.

“ಎಷ್ಟು ಮಿಲಿಮೀಟರ್ ಸಾರ್?” ಎಂದ ಗುಮಾಸ್ತ ಅಭ್ಯಾಸದಿಂದ.

“ಬಿಟ್ಟಿದೆ ಕಣಯ್ಯ,” ಎಂದರು ಭಾವ.

ಅಕ್ಕ ಜಗಲಿಯ ಕಂಬ ಹಿಡಿದು ಎದ್ದು ನಿಂತಿದ್ದಳು. ನಾನು ಗಾಡಿಯ ಹತ್ತಿರ ಓಡಿದೆ. ದೊಡ್ಡ ಗಾಜುಗಳನ್ನು ಸಾಗಿಸಲು ಕಂಬಳಿ ಹೊಡೆದ ಆಳುದ್ದದ ಹಲಗೆ ಒಂದು ನನ್ನಲ್ಲಿದೆ. ಮೂವತ್ತು ವರ್ಷದಲ್ಲಿ ಅದರ ಮೇಲೆ ಒಂದು ಗಾಜೂ ಒಡೆದಿಲ್ಲ. ತಂದು ಜಗಲಿಯ ಅಂಚಿಗೆ ನಿಲ್ಲಿಸಿದೆ.

“ಅಕ್ಕ, ಇದಕ್ಕೆ ಬೆನ್ನು ಕೊಟ್ಟು ನಿಲ್ಲು.”

“ನಾನೇನು ಕಿಟಕಿಯೇನೋ?”

“ಸುಮ್ನೆ ನಿಲ್ಲು ಮಾರಾಯ್ತಿ!”

ನಿಂತಳು. ಮೇಷ್ಟ್ರು ತಲೆಯ ಕಡೆ, ನೀರು ಬಿಡುವವನು ಕಾಲಿನ ಕಡೆ, ನಾನು ನಡುವೆ. “ಒಂದ್... ಎರಡ್...” ಎಂದು ಮೇಷ್ಟ್ರು ಮೂರು ವರ್ಷದ ಮೇಲೆ ಮೊದಲ ಸಲ ಪೂರ್ತಿ ಗಂಟಲಲ್ಲಿ ಕೂಗಿದರು. ಹಲಗೆ ಮಲಗಿತು, ಅಕ್ಕನೂ ಮಲಗಿದಳು. ಮಂಡಿ ಬಗ್ಗಿಸದೆ, ಹಾಗೇ ಎತ್ತಿಕೊಂಡು ಹೋಗಿ ಜಲ್ಲಿಯ ಮೇಲೆ ಇಳಿಸಿದೆವು. ಮೇಷ್ಟ್ರ ಹೆಂಡತಿ ಹೆಗಲು ಹಿಡಿದು ಮಗ್ಗುಲಿಗೆ ತಿರುಗಿಸಿದರು. ಅಕ್ಕ ಕೆನ್ನೆಯನ್ನು ನೆಲಕ್ಕೆ ಊರಿ ನೋಡಿದಳು.

ರೆಪ್ಪೆ ಬಡಿಯಲಿಲ್ಲ. ನಮಗೆ ಭಯವಾಯಿತು. ನಾನೂ ಪಕ್ಕದಲ್ಲಿ ಮಲಗಿ, ಕೆನ್ನೆ ಊರಿ, ಅವಳ ಕಣ್ಣಿನ ಮಟ್ಟದಿಂದ ನೋಡಿದೆ.

ಮೂರು ವರ್ಷ ನಾವೆಲ್ಲ ಅದನ್ನು ಮೇಲಿನಿಂದ ನೋಡಿದ್ದೆವು. ಮೇಲಿನಿಂದ ಅದು ಒಂದಿಷ್ಟು ಕಲ್ಲು, ಒಂದು ಗಿಡ. ನೆಲದಿಂದ ನೋಡಿದರೆ ಆ ಚಪ್ಪಡಿಗಳು ನೆಟ್ಟಗೆ ಎದ್ದು ಆಕಾಶಕ್ಕೆ ಹೋಗಿದ್ದವು. ಜಲ್ಲಿಯೆಲ್ಲ ಉರುಳಿಬಿದ್ದ ಬಂಡೆಗಳು. ಓರೆ ಗಾಜಿನ ಮೇಲೆ ಹರಿಯುವ ನೀರು ತುದಿಗಳ ನಡುವೆ ಮೋಡ ಹಾಯ್ದ ಹಾಗೆ ಹಾಯುತ್ತಿತ್ತು. ಅಲ್ಲಿ, ಎಲ್ಲಕ್ಕಿಂತ ಮೇಲೆ, ಬಂಡೆಯ ಸೀಳಿನಲ್ಲಿ, ಬೆಳಗಾಗುವ ಮುಂಚಿನ ಆಕಾಶದ ಬಣ್ಣದ ಒಂದೇ ಒಂದು ಹೂವು. ಹಿಂದೆ ಏನೂ ಇರಲಿಲ್ಲ, ಬರೀ ಬೆಳಕು.

“ಎಷ್ಟೊಂದು ಎತ್ತರ!” ಎಂದಳು ಅಕ್ಕ. ಅವಳ ಉಸಿರು ಸ್ವಲ್ಪ ಏರಿತ್ತು.

ನೀರು ಬಿಡುವವನು ಮಲಗಿದ. ಮೇಷ್ಟ್ರು ಮಲಗಿದರು. ಮೇಷ್ಟ್ರ ಹೆಂಡತಿ ಸೆರಗು ಬಿಗಿದುಕೊಂಡು ಮಲಗಿದರು. ಬೇಲಿಯೊಳಗೆ ಜಾಗ ಸಾಲದೆ ಗುಮಾಸ್ತ ಫೈಲನ್ನು ತಲೆಯ ಮೇಲೆ ಇಟ್ಟುಕೊಂಡು ಹೊರಗೆ ನಿಂತಿದ್ದ. ಸಾಹೇಬರು ಒಂದು ಸಲ ಬೀದಿಯ ಆಚೆ ನೋಡಿದರು, ಒಂದು ಸಲ ಈಚೆ ನೋಡಿದರು. ಇಸ್ತ್ರಿಯ ಶರ್ಟನ್ನು ಮುಟ್ಟಿ ನೋಡಿಕೊಂಡರು. ಆಮೇಲೆ ಕೊಡೆ ಪಕ್ಕಕ್ಕಿಟ್ಟು, ಅಕ್ಕನ ಆ ಬದಿಗೆ ಉದ್ದಕ್ಕೆ ಮಲಗಿಯೇಬಿಟ್ಟರು.

ಬಹಳ ಹೊತ್ತಾಯಿತು. ಮಳೆ ಎಲ್ಲರ ಬೆನ್ನ ಮೇಲೆ ಮೆತ್ತಗೆ ಬೀಳುತ್ತಿತ್ತು.

“ಸಾರ್,” ಎಂದ ಗುಮಾಸ್ತ. “ಬೀಗದ ಕೈ ತಗೊಂಡ್ರೆ ಹೊರಡಬಹುದಿತ್ತು. ಏನ್ ಮಾಡ್ತಿದೀರಿ ಸಾರ್?”

“ತಡಿಯಯ್ಯ,” ಎಂದರು ಸಾಹೇಬರು, ಗಾಜಿನ ಕೆಳಗಿನಿಂದ. “ಹತ್ತುತ್ತಾ ಇದೀನಿ.”

ಅಕ್ಕ ಅವರ ಕಡೆ ತಿರುಗಿ ನೋಡಲಿಲ್ಲ. ಕಣ್ಣನ್ನು ಅಲ್ಲೇ ಮೇಲೆ ಇಟ್ಟುಕೊಂಡೇ ಹೇಳಿದಳು:

“ನಿಧಾನ ಸಾಹೇಬ್ರೆ. ಎಡಗಡೆ ಬಂಡೆ ಜಾರುತ್ತೆ. ನಾನು ಅದೇ ದಾರೀಲಿ ಬಂದೆ.”